ತಂಗಿ ಮದುವೆ ಬಾಲಿಯಲ್ಲಿ: ಕಾನೂನು ಪ್ರಕಾರ ಏನೇನು ಬೇಕು?

ಪ್ರಶ್ನೆ (ಮಧುಗಿರಿಯಿಂದ)

ತಂಗಿಗೆ ಸಿರಾ ಕಡೆ ಹುಡುಗ ಗೊತ್ತಾಗಿದ್ದಾನೆ. ಇಬ್ಬರೂ ಹಿಂದೂಗಳು, ಬೆಂಗಳೂರಲ್ಲಿ ಕೆಲಸ. ಬಾಲಿಯ ಕಡಲ ದಂಡೆಯಲ್ಲೇ ಧಾರೆ ಆಗಬೇಕು ಅಂತ ಆಸೆ. ವಾರದೊಳಗೆ ಹೋಗಿ ಬರೋ ಯೋಚನೆ. ಅಪ್ಪ ಒಪ್ಪಿದ್ದಾರೆ. ಅಮ್ಮನದು ಒಂದೇ ಮಾತು: "ಅಲ್ಲಿ ತಾಳಿ ಕಟ್ಟಿದ್ರೆ ಇಲ್ಲಿ ಸರ್ಕಾರ ಗಂಡ-ಹೆಂಡ್ತಿ ಅಂತ ಒಪ್ಪುತ್ತಾ?" ಈವೆಂಟ್‌ನೋರು ಸರ್ಟಿಫಿಕೇಟ್ ಕೊಡ್ತೀವಿ ಅಂತಿದ್ದಾರೆ, ಅದು ನಡೆಯುತ್ತಾ? ಅಲ್ಲಿರೋ ನಮ್ಮ ಕಾನ್ಸುಲೇಟ್‌ನಲ್ಲೇ ಮದುವೆ ಮಾಡಿಸಬಹುದಾ?

ಉತ್ತರ (ಚಿಕ್ಕಬಳ್ಳಾಪುರ)

ಕಾನ್ಸುಲೇಟ್ ದಾರಿ ನಿಮಗಾಗಲ್ಲ ಮೇಡಂ. 1969ರ ವಿದೇಶಿ ವಿವಾಹ ಕಾಯ್ದೆ ಪ್ರಕಾರ, ನೋಟಿಸ್ ಕೊಡೋ ಮುಂಚೆ ಇಬ್ಬರಲ್ಲಿ ಒಬ್ಬರಾದರೂ 30 ದಿನ ಅಲ್ಲೇ ವಾಸ ಇರಬೇಕು. ಆಮೇಲೆ ತಕರಾರಿಗೆ ಅಂತ ಮತ್ತೆ 30 ದಿನ.

ಉತ್ತರ (ತುಮಕೂರು)

ನಾನು ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ತಿರ ಅರ್ಜಿ, ಅಫಿಡವಿಟ್ ಬರೆದುಕೊಡೋನು. ನಿಮ್ಮ ತಾಯಿ ಕೇಳಿರೋದು ಸರಿಯಾದ ಪ್ರಶ್ನೆ.

ಇಂಡೋನೇಷ್ಯಾದ 1974ರ ಕಾನೂನಲ್ಲಿ ಮದುವೆ ಮೊದಲು ಧರ್ಮದ ಪ್ರಕಾರ ಆಗಬೇಕು, ಆಮೇಲೆ ಅಲ್ಲಿನ ಸಿವಿಲ್ ರಿಜಿಸ್ಟ್ರಿಯಲ್ಲಿ ದಾಖಲಾಗಬೇಕು. ಇಬ್ಬರದೂ ಒಂದೇ ಧರ್ಮ, ಹಾಗಾಗಿ ಆ ತೊಡಕಿಲ್ಲ. ಆದರೆ ಮದುವೆಗೆ ಅಡ್ಡಿಯಿಲ್ಲ ಅನ್ನೋ ಪತ್ರವನ್ನ ನಮ್ಮ ಕಾನ್ಸುಲೇಟ್‌ನಿಂದ ತರಬೇಕು, ಅದಕ್ಕೆ ಇಲ್ಲಿಂದಲೇ ಅವಿವಾಹಿತರು ಅಂತ ಅಫಿಡವಿಟ್ ಬೇಕು. ಬರೀ ರೆಸಾರ್ಟ್‌ನೋರ ಸರ್ಟಿಫಿಕೇಟ್ ನೆನಪಿಗೆ ಇಟ್ಟುಕೊಳ್ಳಬಹುದು, ವೀಸಾಕ್ಕೆ, ಬ್ಯಾಂಕಿಗೆ ಆಗಲ್ಲ.

ನನ್ನ ಮಾತು ಕೇಳೋದಾದ್ರೆ ಮದುವೆ ಇಲ್ಲೇ ಮುಗಿಸಿ. ಗೊರವನಹಳ್ಳಿಯಲ್ಲೋ ದೇವರಾಯನದುರ್ಗದಲ್ಲೋ ಮನೆಯವರಷ್ಟೇ ಸೇರಿ ಧಾರೆ ಎರೆದು, ಸಪ್ತಪದಿ ತುಳಿಸಿ. ಲಗ್ನಪತ್ರಿಕೆ, ಫೋಟೋ, ವಯಸ್ಸು-ವಿಳಾಸದ ದಾಖಲೆ, ಸಾಕ್ಷಿಗಳ ಸಮೇತ ನೋಂದಣಿ ಮಾಡಿಸಿ. ಶಾಸ್ತ್ರ ಮಾಡದೆ ಬರೀ ಕಾಗದ ಮಾಡಿಸೋಣ ಅಂತ ಕೆಲವರು ಬರ್ತಾರೆ. ಅದು ಬೇಡ. ಶಾಸ್ತ್ರ ನಡೆಯದೆ ಸರ್ಟಿಫಿಕೇಟ್ ಒಂದೇ ಇದ್ದರೆ ಹಿಂದೂ ವಿವಾಹ ಕಾಯ್ದೆ ಪ್ರಕಾರ ಅದು ಮದುವೆಯಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಇನ್ನೊಂದು, ಹೆಸರು. ನಮ್ಮ ಕಡೆ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದೆ, ಆಧಾರಲ್ಲಿ ಹಿಂದೆ, ಪಾಸ್‌ಪೋರ್ಟಲ್ಲಿ ಅದನ್ನೇ ಬಿಡಿಸಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತೆ. ನಾನು ನೋಡಿದ ಹಾಗೆ ಅರ್ಜಿಗಳು ಹೆಚ್ಚಾಗಿ ವಾಪಸ್ ಬರೋದು ಇದಕ್ಕೇ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ, ಆಮೇಲೆ ಅರ್ಜಿ ಹಾಕಿ.

ಉತ್ತರ (ಕೋಲಾರ)

ಥೈಲ್ಯಾಂಡ್ ಕಡೆ ಮನಸ್ಸು ತಿರುಗಿದರೂ ಇದೇ ಕಥೆ ಅಕ್ಕ. ಅಲ್ಲಿ ಎಷ್ಟೇ ಅದ್ದೂರಿ ಶಾಸ್ತ್ರ ಮಾಡಿದರೂ, ಜಿಲ್ಲಾ ಕಚೇರಿಯಲ್ಲಿ ನೋಂದಣಿ ಆದರೆ ಮಾತ್ರ ಮದುವೆ. ರಾಯಭಾರ ಕಚೇರಿಯ ಪತ್ರವನ್ನ ಥಾಯ್ ಭಾಷೆಗೆ ಮಾಡಿಸಿ, ಅವರ ವಿದೇಶಾಂಗ ಇಲಾಖೆ ಮೊಹರು ಹಾಕಿಸಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಅಮ್ಮನಿಗೆ ಓದಿ ಹೇಳಿದೆ, ಗೊರವನಹಳ್ಳಿ ಅಂದ ಕೂಡಲೇ ಒಪ್ಪಿದರು. ಇಲ್ಲಿ ಮದುವೆ, ನೋಂದಣಿ ಎರಡೂ ಆದ ಮೇಲೆ ಬಾಲಿಯಲ್ಲಿ ಮತ್ತೆ ಹಾರ ಬದಲಾಯಿಸಿ ಶಾಸ್ತ್ರ ಮಾಡಬಹುದಾ?

ಉತ್ತರ (ತುಮಕೂರು)

ಸಂತೋಷವಾಗಿ ಮಾಡಿ. ಅಲ್ಲಿ ಮತ್ತೆ ರಿಜಿಸ್ಟರ್ ಮಾತ್ರ ಮಾಡಿಸಬೇಡಿ. ಈವೆಂಟ್‌ನೋರು ಪ್ಯಾಕೇಜಲ್ಲೇ ಸೇರಿದೆ ಅಂದರೂ ಬೇಡ ಅನ್ನಿ. ಅದಕ್ಕೆ ಅವಿವಾಹಿತರು ಅಂತ ಬರೆದುಕೊಡಬೇಕಾಗುತ್ತೆ. ಆ ಹೊತ್ತಿಗೆ ನಿಮ್ಮ ತಂಗಿಗೆ ಮದುವೆ ಆಗಿರುತ್ತೆ, ಅಫಿಡವಿಟ್ ಸುಳ್ಳಾಗುತ್ತೆ.