ತೊಂಬತ್ತರ ದಶಕದ ಜಾಲಪುಟ ರಚನಾ ತಂತ್ರಾಂಶಗಳನ್ನು ಯಾವ ಮಾನದಂಡದಿಂದ ಅಳೆಯಬೇಕು?

ಪ್ರಶ್ನೆ – ಶಾಲಾಗಣಕ, ಉಡುಪಿ

ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಗಣಕ ವಿಷಯವನ್ನು ಕಲಿಸುತ್ತಿದ್ದೇನೆ. ವಿಂಡೋಸ್ 98 ಇರುವ ಹಳೆಯ ಗಣಕವೊಂದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಅದರಲ್ಲಿ ಫ್ರಂಟ್‌ಪೇಜ್ ಎಕ್ಸ್‌ಪ್ರೆಸ್, ನೆಟ್‌ಸ್ಕೇಪ್ ಕಂಪೋಸರ್ ಮತ್ತು ಹೋಮ್‌ಸೈಟ್ ಎಂಬ ಮೂರು ಜಾಲಪುಟ ರಚನಾ ತಂತ್ರಾಂಶಗಳನ್ನೂ ಹಾಕಿ, ಯಕ್ಷಗಾನ ಮೇಳದ ತಿರುಗಾಟದ ಪಟ್ಟಿಯನ್ನು ಮಾದರಿ ಪುಟವಾಗಿಸಿ, ಯಾವುದು ಉತ್ತಮವೆಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಬೇಕೆಂದಿದ್ದೇನೆ. ಬಳಕೆಯ ಸರಾಗತೆಯೊಂದನ್ನೇ ನೋಡಿದರೆ ಸಾಕೇ?

ಉತ್ತರ – ಹಳೆಕಡತ, ಮಂಗಳೂರು

ಸಾಲದು. ಸರಾಗತೆ ಮೊದಲ ಅರ್ಧ ಗಂಟೆಯಲ್ಲೇ ತಿಳಿದುಬಿಡುತ್ತದೆ; ತಂತ್ರಾಂಶದ ನಿಜವಾದ ಗುಣ ಗೊತ್ತಾಗುವುದು ಬೇರೆಯವರು ಬರೆದ ಪುಟವನ್ನು ಅದು ತೆರೆದು ಮತ್ತೆ ಉಳಿಸಿದಾಗ. ನೋಟ್‌ಪ್ಯಾಡಿನಲ್ಲಿ ಕೈಯಾರೆ ಒಂದು ಪುಟ ಬರೆದು, ಪ್ರತಿಯೊಂದು ತಂತ್ರಾಂಶದಲ್ಲೂ ಅದನ್ನು ತೆರೆದು, ಒಂದೇ ಒಂದು ಅಕ್ಷರವನ್ನು ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸಿ, ಆಮೇಲೆ ಡಾಸ್ ಕಿಟಕಿಯಲ್ಲಿ ಎಫ್‌ಸಿ ಆದೇಶ ಕೊಟ್ಟು ಎರಡು ಕಡತಗಳನ್ನು ಹೋಲಿಸಿರಿ. ಟ್ಯಾಗ್ ಎಂದರೆ ಪುಟದ ರೂಪವನ್ನು ಸೂಚಿಸಲು ಕೋನಾವರಣದಲ್ಲಿ ಬರೆಯುವ ಗುರುತು; ಪುಟ ಬರೆದ ತಂತ್ರಾಂಶದ ಹೆಸರು ಹೇಳುವ ಜೆನರೇಟರ್ ಎಂಬ ಮೆಟಾ ಟ್ಯಾಗ್ ಸೇರಿಕೊಂಡರೆ ಅದು ಬರಿಯ ಸಹಿ, ಕ್ಷಮಿಸಬಹುದು. ಆದರೆ ಸಾಲುಗಳ ಜೋಡಣೆ ಕೆಡುವುದು, ತನಗೆ ಪರಿಚಯವಿಲ್ಲದ ಟ್ಯಾಗ್ ಮಾಯವಾಗುವುದು, ಕೋಷ್ಟಕದ ಖಾಲಿ ಮನೆಗಳಲ್ಲಿ ಅನವಶ್ಯಕ ಚಿಹ್ನೆಗಳು ತುಂಬಿಕೊಳ್ಳುವುದು ಗಂಭೀರ ದೋಷಗಳು.

1997ರ ಡಿಸೆಂಬರಿನಲ್ಲಿ ಡ್ರೀಮ್‌ವೀವರ್ ಎಂಬ ಜಾಲಪುಟ ತಂತ್ರಾಂಶ ಬಂದಾಗ ಅದರ ತಯಾರಕರಾದ ಮ್ಯಾಕ್ರೋಮೀಡಿಯಾ ‘ರೌಂಡ್‌ಟ್ರಿಪ್ ಎಚ್‌ಟಿಎಂಎಲ್’, ಅಂದರೆ ಪುಟದ ಮೂಲ ಬರಹ ತೆರೆದು ಉಳಿಸಿದರೂ ಕೆಡುವುದಿಲ್ಲ, ಎಂದು ಹೆಮ್ಮೆಯಿಂದ ಹೇಳಿಕೊಂಡದ್ದು ಇದೇ ಕಾರಣಕ್ಕೆ. ಅದಕ್ಕೂ ಹಿಂದಿನ ಸಾಫ್ಟ್‌ಕ್ವಾಡ್‌ನ ಹಾಟ್‌ಮೆಟಲ್ ಇನ್ನೊಂದು ತುದಿಯಲ್ಲಿತ್ತು: ನಿಯಮ ತಪ್ಪಿದ ಪುಟವನ್ನು ತೆರೆಯಲೇ ಒಪ್ಪುತ್ತಿರಲಿಲ್ಲ. ಮಡಿ ಸ್ವಲ್ಪ ಹೆಚ್ಚಾಯಿತೆಂದು ನನಗೆ ಅನಿಸಿದರೂ ಮಕ್ಕಳಿಗೆ ತೋರಿಸಲು ಯೋಗ್ಯವಾದ ಉದಾಹರಣೆ. ಹೋಮ್‌ಸೈಟ್ ಪಠ್ಯ ತಿದ್ದುವ ಸಾಧನವಾದ್ದರಿಂದ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಅದನ್ನು ಉಳಿದೆರಡರ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುವುದು ನ್ಯಾಯವಲ್ಲ.

ಉತ್ತರ – ಬರಹಪ್ರಿಯ, ಮಣಿಪಾಲ

ಪಟ್ಟಿ ಕನ್ನಡದಲ್ಲಿದ್ದರೆ ಇನ್ನೊಂದು ತೊಡಕಿದೆ. ವಿಂಡೋಸ್‌ನಲ್ಲಿ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಕನ್ನಡಕ್ಕೆ ‘ತುಂಗಾ’ ಫಾಂಟಿನೊಂದಿಗೆ ನೆಲೆ ದೊರೆತದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೆ ಮುಂಚಿನ ಕನ್ನಡ ಪುಟಗಳು ‘ಬರಹ’ದಂತಹ ತಂತ್ರಾಂಶದ ಫಾಂಟನ್ನು ನಂಬಿಕೊಂಡಿದ್ದವು; ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಹಾಗೂ ವಿಚಿತ್ರ ಚಿಹ್ನೆಗಳ ಸಂಕೇತಗಳೇ, ಫಾಂಟ್ ಟ್ಯಾಗ್ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಆದ್ದರಿಂದ ಉಳಿಸುವಾಗ ಆ ಟ್ಯಾಗ್ ಒಂದೆಡೆ ಕಳಚಿದರೂ ಅಲ್ಲಿನ ಪ್ರಸಂಗದ ಹೆಸರು ಓದಲಾಗದ ಕಲಸುಮೇಲೋಗರವಾಗುತ್ತದೆ.

ಇಲ್ಲಿ ತೀರ್ಪು ಕೊಡುವಾಗ ಎಚ್ಚರಿಕೆಯೂ ಬೇಕು. ಕೋಷ್ಟಕದ ಪ್ರತಿಯೊಂದು ಮನೆಯಲ್ಲೂ ಫಾಂಟ್ ಟ್ಯಾಗ್ ಪುನರಾವರ್ತನೆಯಾದುದನ್ನು ಕಂಡು ತಂತ್ರಾಂಶವನ್ನು ದೂರಬಾರದು, ಏಕೆಂದರೆ ಕೋಷ್ಟಕದ ಹೊರಗೆ ಕೊಟ್ಟ ಫಾಂಟ್ ನೆಟ್‌ಸ್ಕೇಪ್ 4 ಎಂಬ ಜಾಲವೀಕ್ಷಕದಲ್ಲಿ ಒಳಮನೆಗಳಿಗೆ ಅನ್ವಯಿಸುತ್ತಿರಲಿಲ್ಲ. ಹಾಗೆಂದು ಆ ಪುನರಾವರ್ತನೆಗೆ ತೆರಬೇಕಾದ ಬೆಲೆ ಇಲ್ಲವೆಂದಲ್ಲ. 30 ಸಾಲು, 4 ಅಂಕಣಗಳ ಪಟ್ಟಿಯಲ್ಲಿ 120 ಮನೆಗಳು. ಒಂದೊಂದಕ್ಕೆ ಟ್ಯಾಗಿನ 32 ಅಕ್ಷರಗಳಂತೆ 3,840 ಬೈಟ್. 28.8 ಕಿಲೋಬಿಟ್ ಮೋಡೆಮ್‌ನಲ್ಲಿ ಇಷ್ಟಕ್ಕೇ ಒಂದು ಸೆಕೆಂಡಿಗೂ ಮಿಕ್ಕಿ ಬೇಕಿತ್ತು. ಒಂದೇ ಮನೆಯೊಳಗೆ ಅದೇ ಟ್ಯಾಗ್ ಎರಡೆರಡು ಬಾರಿ ಕಂಡರೆ ಮಾತ್ರ ಅಂಕ ಕಳೆಯಿರಿ.

ಉತ್ತರ – ಗೃಹಬಳಕೆದಾರ, ಸುರತ್ಕಲ್

ಮೇಲಿನ ಇಬ್ಬರೂ ಪರಿಣತರ ಕಣ್ಣಿನಿಂದ ನೋಡುತ್ತಿದ್ದಾರೆ. ಅಂದಿನ ಮನೆಬಳಕೆದಾರನು ಕಡತದ ಒಳಗನ್ನು ಇಣುಕಿ ನೋಡುತ್ತಿದ್ದುದೇ ಅಪರೂಪ. ಜಿಯೋಸಿಟೀಸ್‌ನಂತಹ ಉಚಿತ ತಾಣಕ್ಕೆ ಪುಟವನ್ನು ಏರಿಸುವುದು, ಗಣಕದಲ್ಲಿ ಕಂಡ ಚಿತ್ರ ಅಲ್ಲಿಯೂ ಕಾಣುವುದು ಅವನಿಗೆ ಮುಖ್ಯವಾಗಿತ್ತು. ಚಿತ್ರದ ವಿಳಾಸವನ್ನು ತಂತ್ರಾಂಶವು ಸಿ ಡ್ರೈವಿನ ದಾರಿಯಾಗಿ ಬರೆದಿದೆಯೇ, ಪುಟದಿಂದ ಅಳೆದ ಸಾಪೇಕ್ಷ ದಾರಿಯಾಗಿ ಬರೆದಿದೆಯೇ ಎಂಬುದನ್ನೂ ಪರೀಕ್ಷೆಗೆ ಸೇರಿಸಿರಿ. ಇಡೀ ಕಡತಕೋಶವನ್ನು ಬೇರೊಂದು ಗಣಕಕ್ಕೆ ನಕಲಿಸಿ ತೆರೆದರೆ ಉತ್ತರ ಸಿಗುತ್ತದೆ.

ಶಾಲಾಗಣಕ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಹೋಮ್‌ಸೈಟನ್ನು ಸ್ಪರ್ಧೆಯಿಂದ ಹೊರಗಿಟ್ಟು, ಉಳಿದೆರಡು ಬರೆದ ಪುಟಗಳ ಒಳಗನ್ನು ನೋಡುವುದಕ್ಕೆ ಅದನ್ನು ಬಳಸುತ್ತೇನೆ. ಪಟ್ಟಿಯ ಒಂದು ಪ್ರತಿ ಇಂಗ್ಲಿಷಿನಲ್ಲಿ, ಇನ್ನೊಂದು ‘ಬರಹ’ದಲ್ಲಿ ಇರಲಿದೆ.