ಇಂಚರ: ಚರವೋ, ಸರವೋ?

ಕಳೆದ ವಾರ ನಮ್ಮ ಮನೆಯಲ್ಲೊಂದು ನಾಮಕರಣ. ತಮ್ಮನ ಮೊಮ್ಮಗಳದು. ಕೃತ್ತಿಕಾ ನಕ್ಷತ್ರದ ಎರಡನೆಯ ಪಾದ. ಹೆಸರು ‘ಇ’ಕಾರದಿಂದಲೇ ಶುರುವಾಗಬೇಕು. ಇಂದಿರಾ, ಇಂದುಮತಿ ಹಳೆಯದಾದವು ಎಂದರು. ಇಳಾ ಎಂದರೆ ಕರೆಯುವಷ್ಟರಲ್ಲಿ ಮುಗಿದೇ ಹೋಗುತ್ತದೆ ಎಂದರು. ಕೊನೆಗೆ ‘ಇಂಚರ’ಕ್ಕೆ ಬಂದು ನಿಂತರು. ತಟ್ಟೆಯಲ್ಲಿ ಅಕ್ಕಿ ಹರವಿ, ಮಗುವಿನ ತಂದೆ ಉಂಗುರ ಹಿಡಿದು ಬರೆಯತೊಡಗಿದ. ‘ಇ’ ಆಯಿತು, ಸೊನ್ನೆ ಆಯಿತು, ‘ಚ’ ಆಯಿತು, ‘ರ’ ಬರೆದು ಕೈ ತಡೆಯಿತು.

“ಇದಕ್ಕೆ ದೀರ್ಘ ಇದೆಯೋ ಇಲ್ಲವೋ?”

ಹೆಣ್ಣು ಮಗುವಲ್ಲವೇ, ದೀರ್ಘ ಹಾಕಿ ಎಂದರು ಪುರೋಹಿತರು. ಬೇಡ ಎಂದಳು ಅಜ್ಜಿ. ಈ ಸಂದಿಯಲ್ಲಿ ಯಾರೋ ಅರ್ಥ ಕೇಳಿದರು, ಇನ್ನೊಬ್ಬರು ಹೇಳಿಯೂಬಿಟ್ಟರು: “ಖೇಚರ ಎಂದರೆ ಆಕಾಶದಲ್ಲಿ ಸಂಚರಿಸುವವನು, ವನಚರ ಎಂದರೆ ಕಾಡಿನಲ್ಲಿ. ಇಂಚರ ಎಂದರೆ ಒಳಗೆ ಸಂಚರಿಸುವವಳು. ಸಂಸ್ಕೃತ.” ಹಿಂದಿನ ಸಾಲಿನಿಂದ ಒಂದು ದನಿ ಬಂತು: “ನಿಶಾಚರ ಸರಿಹೋಗುತ್ತಿತ್ತು, ಮಗು ರಾತ್ರಿಯಿಡೀ ಕಣ್ಣು ಮುಚ್ಚುವುದಿಲ್ಲ.”

ನಾನು ಅಲ್ಲಿ ಬಾಯಿ ಬಿಡಲಿಲ್ಲ. ಎಲೆ ಹಾಕಿಯಾಗಿತ್ತು. ಈಗ ಬರೆಯುತ್ತಿದ್ದೇನೆ, ಏಕೆಂದರೆ ಮಗುವಿನ ತಾಯಿ ನಿನ್ನೆ ಫೋನು ಮಾಡಿ ಅದೇ ಎರಡು ಪ್ರಶ್ನೆ ಕೇಳಿದಳು: ಅರ್ಥವೇನು, ದೀರ್ಘವೋ ಹ್ರಸ್ವವೋ. ಜನನ ಪ್ರಮಾಣಪತ್ರಕ್ಕೆ ಅರ್ಜಿ ಕೊಡುವುದು ಬಾಕಿ ಇದೆಯಂತೆ.

ಮೊದಲು ಅರ್ಥ. ಇಲ್ಲಿ ಯಾರೂ ಸಂಚರಿಸುವುದಿಲ್ಲ. ‘ಚರ’ ಇದರಲ್ಲಿ ಇಲ್ಲವೇ ಇಲ್ಲ, ಇರುವುದು ‘ಸರ’. ಇನ್ + ಸರ = ಇಂಚರ. ‘ಇನ್’ ಎಂದರೆ ಸಿಹಿಯಾದ, ಹಿತವಾದ. ‘ಸರ’ ಎಂದರೆ ದನಿ, ಸಂಸ್ಕೃತದ ಸ್ವರ ಶಬ್ದದ ತದ್ಭವ. ಇಂಚರ ಎಂದರೆ ಇನಿದನಿ, ಅಷ್ಟೇ.

ಸಕಾರ ಚಕಾರವಾದದ್ದು ಹೇಗೆ ಎಂದು ಅವಳು ಕೇಳಲಿಲ್ಲ. ಆದರೂ ಹೇಳುತ್ತೇನೆ, ಈ ಹೆಸರಿನ ಸೊಗಸೆಲ್ಲ ಇರುವುದು ಅಲ್ಲೇ. ‘ಇನ್’ ಎಂದು ಹೇಳಿ ನಾಲಗೆಯನ್ನು ಕದಲಿಸದೆ ‘ಸರ’ ಎನ್ನಲು ಹೋಗಿ ನೋಡಿ. ನಾಲಗೆ ಹಲ್ಲಿನ ಹಿಂದೆ ಒತ್ತಿಕೊಂಡಿರುತ್ತದೆ, ಸಕಾರಕ್ಕೋ ಗಾಳಿ ಜಾರಿಹೋಗಲು ಸಂದು ಬೇಕು. ಒತ್ತಿದ್ದನ್ನು ಬಿಡುವ ಆ ಕ್ಷಣದಲ್ಲಿ ಚಕಾರ ತಾನಾಗಿ ಹುಟ್ಟಿಕೊಳ್ಳುತ್ತದೆ. ಹದಿಮೂರನೆಯ ಶತಮಾನದಲ್ಲಿ ವೈಯಾಕರಣ ಕೇಶಿರಾಜ ಇದನ್ನು ಸಂಧಿಯ ಸೂತ್ರವಾಗಿಸಿದ. ನುಣ್ಣನೆಯ ಸರ ‘ನುಣ್ಚರ’ವಾಗುವುದು, ಮುನ್ ಮತ್ತು ಸೆರಗು ಸೇರಿ ‘ಮುಂಜೆರಗು’ ಆಗುವುದು ಇದೇ ದಾರಿಯಲ್ಲಿ. ಶಾಸನ ಓದುವವರಿಗೆ ‘ಬನವಾಸಿ ಪನ್ನಿರ್ಚ್ಛಾಸಿರ’ ನೆನಪಿರಬಹುದು: ಹನ್ನೆರಡು ಸಾವಿರದ ಬನವಾಸಿ ನಾಡು. ಅಲ್ಲಿ ಸಾಸಿರ ಛಾಸಿರವಾಗಿ ಕಲ್ಲಿನ ಮೇಲೆ ಕುಳಿತಿದೆ. ಒಂದು ನಾಡಿನ ಹೆಸರನ್ನು ಮಾಡಿದ ಸಂಧಿಯೇ ನಮ್ಮ ಕೂಸಿನ ಹೆಸರನ್ನೂ ಮಾಡಿದೆ. ಇದನ್ನು ಹೇಳಿದಾಗ ಮಗುವಿನ ತಾಯಿ ಸುಮ್ಮನಾದಳು, ಫೋನು ಕಡಿದುಹೋಯಿತೆಂದುಕೊಂಡೆ.

ಹಾಗಾದರೆ ಇದು ಕನ್ನಡವೋ ಸಂಸ್ಕೃತವೋ? ತಲೆ ಕನ್ನಡದ್ದು, ಬಾಲ ಸಂಸ್ಕೃತದಿಂದ ಬಂದು ಕನ್ನಡವಾದದ್ದು. ಇನ್ ಜೊತೆಗೆ ನೇರವಾಗಿ ‘ಸ್ವರ’ವನ್ನೇ ಕೂಡಿಸಿದ್ದರೆ ವೈಯಾಕರಣರು ಅರಿಸಮಾಸವೆಂದು, ಅಂದರೆ ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಒಪ್ಪದ ಸಮಾಸವೆಂದು, ಹುಬ್ಬು ಗಂಟಿಕ್ಕುತ್ತಿದ್ದರು. ‘ಸರ’ ತದ್ಭವವಾದ್ದರಿಂದ ಆಕ್ಷೇಪವಿಲ್ಲ. ಹೆಸರುಗಳ ಪಟ್ಟಿ ಮಾಡುವವರು ಇದರ ಮುಂದೆ ಸಲೀಸಾಗಿ ಸಂಸ್ಕೃತ ಎಂದು ಬರೆಯುತ್ತಾರೆ. ‘ಅಚ್ಚಗನ್ನಡ ಹೆಸರು’ ಎಂದು ಬೀಗುವವರೂ ಇದ್ದಾರೆ. ಇಬ್ಬರೂ ಅರ್ಧ ಅರ್ಧ ಸರಿ. ಅಂದ ಹಾಗೆ, ಅಚ್ಚಗನ್ನಡವೆಂದು ಜನ ಮುದ್ದಿನಿಂದ ಇಡುವ ‘ಸಿರಿ’ ಕೂಡ ‘ಶ್ರೀ’ಯ ತದ್ಭವವೇ.

‘ಇನ್’ ಈಗ ಒಂಟಿಯಾಗಿ ಬಳಕೆಯಲ್ಲಿಲ್ಲ, ನೆಂಟರ ಮನೆಗಳಲ್ಲಿ ಬದುಕಿದೆ. ಇಂಪು, ಇನಿಯ ನಮಗೆ ಗೊತ್ತು. ಹಳಗನ್ನಡದಲ್ಲಿ ಸಿಹಿ ಮಾವು ಇಮ್ಮಾವು, ಹಾಲ್ಗಡಲು ಇಂಗಡಲು. ತಮಿಳರಲ್ಲಿ ಇನಿಯ, ಇನ್ಬಂ ಇನ್ನೂ ದಿನಬಳಕೆಯ ಮಾತುಗಳು. ‘ಇನಿಯಾ’ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುತ್ತಾರೆ.

ಇದೇ ಬುಡದಿಂದ ಈಚೆಗೆ ‘ಇಂಪನ’ ಎಂಬ ಹೆಸರು ಚಿಗುರಿದೆ. ಕೇಳಲು ಚೆನ್ನಾಗಿದೆ. ಪಂಪನ ಬನವಾಸಿಯ ಪದ್ಯದಲ್ಲಿ ‘ಇಂಪನಾಳ್ದ ಗೇಯಂ’ ಇದೆಯಲ್ಲ ಎಂದು ಒಬ್ಬರು ಆಧಾರ ಕೊಟ್ಟರು. ಅಲ್ಲಿರುವುದು ಇಂಪಂ + ಆಳ್ದ, ಇಂಪನ್ನು ಪಡೆದ ಹಾಡು. ಆ ನಕಾರ ದ್ವಿತೀಯಾ ವಿಭಕ್ತಿಯದು. ಮಗಳಿಗೆ ಪ್ರತ್ಯಯ ಸಮೇತ ಹೆಸರಿಟ್ಟಂತಾಗುತ್ತದೆ ಎಂದೆ, ಅವರಿಗೆ ಹಿಡಿಸಲಿಲ್ಲ. ಇನ್ನು ‘ಸಿಂಚನ’ಕ್ಕೆ ಪ್ರಾಸವಾಗಿ ‘ಇಂಚನ’ ಎಂದು ಇಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಎಷ್ಟು ಬಳಕೆಯಲ್ಲಿದೆ? ನಾನು ಹಾಜರಿ ಕರೆಯುತ್ತಿದ್ದ ಕಾಲದ ಮೊದಲ ಅರ್ಧದಲ್ಲಿ ಗೀತಾ, ಸುಧಾ, ಶೋಭಾ, ಜ್ಯೋತಿ. ಇಂಚರ ಎಂಬುದು ಪದ್ಯದ ಕೆಳಗಿನ ಕಠಿಣ ಪದಗಳ ಅರ್ಥದಲ್ಲಿ ಮಾತ್ರ. ನಿವೃತ್ತಿಯ ಹೊತ್ತಿಗೆ ಒಬ್ಬಳು ತರಗತಿಯಲ್ಲೇ ಬಂದು ಕುಳಿತಳು. ಅಜ್ಜಿಯ ಹೆಸರನ್ನೋ ದೇವರ ಹೆಸರನ್ನೋ ಇಡುವ ರೂಢಿ ಸಡಿಲಗೊಂಡು, ಭಾವಗೀತೆಯಲ್ಲಿ ಕೇಳಿದ ಮಾತೊಂದನ್ನು ಮಗಳಿಗೆ ಇಡುವ ಆಸೆ ಹುಟ್ಟಿದ ಮೇಲಿನ ಹೆಸರು ಇದು ಎಂಬುದು ನನ್ನ ಎಣಿಕೆ. ಈಗ ಕಿವಿಗೆ ಬೀಳುತ್ತದೆ, ಆದರೆ ಒಂದೇ ತರಗತಿಯಲ್ಲಿ ಇಬ್ಬರು ಸಿಗುವಷ್ಟು ಅಲ್ಲ. ಪತ್ರಿಕೆಗಳು ಮಾತ್ರ ಈ ಶಬ್ದವನ್ನು ಹಕ್ಕಿಗಳಿಗೆ ಗುತ್ತಿಗೆ ಕೊಟ್ಟುಬಿಟ್ಟಿವೆ. ‘ಹಕ್ಕಿಗಳ ಇಂಚರ’ ಇಲ್ಲದ ಪ್ರವಾಸ ಲೇಖನ ಉಂಟೇ? ಕೆರೆಯ ದಡದಲ್ಲಿ ಕಾಗೆ ಕೂಗಿದರೂ ಇಂಚರ. ದನಿ ಯಾರದೆಂದು ಶಬ್ದ ಹೇಳುವುದಿಲ್ಲ, ಅದು ಇನಿದಾಗಿರಬೇಕೆಂದು ಮಾತ್ರ ಹೇಳುತ್ತದೆ.

ಹೊರನಾಡಿಗೆ ಹೋದ ಇಂಚರಗಳ ಪಾಡು ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಇಂಚಾರಾ, ಇಂಚ್ರಾ ಏನು ಬೇಕಾದರೂ ಆಗುತ್ತದೆ. ಸ್ನೇಹಿತರೊಬ್ಬರ ಮಗಳು ಕೋಲ್ಕತ್ತಾದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಹೆಸರು ಹೇಳಿದ್ದೇ ತಡ, ಸುತ್ತಲಿನವರು ಮುಸಿಮುಸಿ ನಕ್ಕರಂತೆ. ಬಂಗಾಳಿಯಲ್ಲಿ ‘ಇಂಚೋಡ್’ ಎಂದರೆ ಎಳೆ ಹಲಸು, ನಮ್ಮ ಕರಾವಳಿಯವರ ಗುಜ್ಜೆ. ‘ಇಂಚೋಡೇ ಪಾಕಾ’ ಎಂದರೆ ಗುಜ್ಜೆಯಾಗಿದ್ದಾಗಲೇ ಹಣ್ಣಾದದ್ದು, ವಯಸ್ಸಿಗೆ ಮೀರಿ ಮಾತಾಡುವ ಮಕ್ಕಳಿಗೆ ಹೇಳುವ ಬೈಗುಳ. ಹುಡುಗಿ ಜಾಣೆ. ಮಾರನೆಯ ದಿನ ಗುಜ್ಜೆ ಪಲ್ಯ ಮಾಡಿಕೊಂಡು ಹೋಗಿ ಎಲ್ಲರಿಗೂ ಬಡಿಸಿದಳು.

ಇನ್ನು ದೀರ್ಘದ ಮಾತು. ಸೀತಾ, ಗಂಗಾ, ಲತಾ ಇವುಗಳ ಕೊನೆಯ ಆಕಾರ ಸಂಸ್ಕೃತದ ಸ್ತ್ರೀಲಿಂಗದ ಗುರುತು; ಕನ್ನಡಕ್ಕೆ ಬಂದಾಗ ಅದು ಸೀತೆ, ಗಂಗೆ, ಲತೆ ಆಗುತ್ತದೆ. ಇಂಚರ ಹಾಗೆ ಬಂದದ್ದಲ್ಲ, ಅದು ಮೂಲತಃ ನಪುಂಸಕ ನಾಮಪದ. ಕಮಲ, ಪುಷ್ಪ ಹೂವಿನ ಮಾತುಗಳಾಗಿದ್ದು ಹೆಂಗಸರ ಹೆಸರುಗಳಾದವಲ್ಲ, ಹಾಗೆ. ಅವುಗಳಿಗೂ ಕಮಲಾ, ಪುಷ್ಪಾ ಎಂದು ದೀರ್ಘ ಎಳೆದದ್ದುಂಟು, ಸಂಸ್ಕೃತದ ಮಾತುಗಳಾದ್ದರಿಂದ ಅದು ಸಲ್ಲುತ್ತದೆ. ಇಂಚರಕ್ಕೆ ಆ ಸಬೂಬೂ ಇಲ್ಲ. ಕೂಗುವಾಗ “ಇಂಚರಾ, ಬಾರೇ” ಎಂದು ಎಳೆಯಿರಿ, ಅದು ಸಂಬೋಧನೆಯ ಹಕ್ಕು. ಬರೆಯುವಾಗ ಹ್ರಸ್ವವೇ ಇರಲಿ ಎಂದು ಹೇಳಿದೆ. ಪ್ರಮಾಣಪತ್ರದ ಅರ್ಜಿಯಲ್ಲಿ ಹಾಗೇ ಬರೆದಿದ್ದಾಳೆ.

ವಿಭಕ್ತಿ ಹತ್ತಿಸುವಾಗ ಮಾತ್ರ ನಮ್ಮ ಮನೆಯೊಳಗೇ ಎರಡು ಪಕ್ಷಗಳಾಗಿವೆ. ‘ಇಂಚರಳಿಗೆ ಹಾಲು ಕುಡಿಸಿದೆಯಾ’ ಎನ್ನುವುದು ನನ್ನ ಪಕ್ಷ. ‘ಇಂಚರನಿಗೆ’ ಎಂದರೆ ಗಂಡಾಗುತ್ತದೆ, ‘ಇಂಚರಕ್ಕೆ’ ಎಂದರೆ ಮತ್ತೆ ಬರಿಯ ದನಿಯಾಗುತ್ತದೆ. ತಮ್ಮ ಮಾತ್ರ ಮೊದಲ ದಿನದಿಂದ ‘ಇಂಚರಂಗೆ’ ಎನ್ನುತ್ತಾನೆ, ತಿದ್ದಿದಷ್ಟೂ ಜೋರಾಗಿ ಎನ್ನುತ್ತಾನೆ. ಇದೇ ಹೆಸರಿನ ಮಗಳೋ ಮೊಮ್ಮಗಳೋ ಇರುವವರು ನಿಮ್ಮಲ್ಲಿ ಇದ್ದರೆ ತಿಳಿಸಿ: ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?