ಬಿಎಂಐ ಸರಿಯಿದೆ, ಹೊಟ್ಟೆ ಮಾತ್ರ ಇದೆ: ರಕ್ತನಾಳಕ್ಕೆ ತೊಂದರೆಯೇ?

ಪ್ರಶ್ನೆ:
ಗಂಡಸರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22–23ರಲ್ಲೇ ಇದ್ದು ಸೊಂಟದ ಸುತ್ತಳತೆ 94 ಸೆಂ.ಮೀ. ಇದ್ದರೆ, ಆ ಕೊಬ್ಬು ರಕ್ತನಾಳಕ್ಕೆ ಹೇಗೆ ತೊಂದರೆ ಮಾಡುತ್ತದೆ? ಕೊಬ್ಬಿನಿಂದ ಬರುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸಿದರೆ ಉಪಯೋಗವಿದೆಯೇ?

ಉತ್ತರ 1:
ಕೊಬ್ಬಿನ ಕೋಶ ಬರೀ ಉಗ್ರಾಣವಲ್ಲ, ಹಾರ್ಮೋನು ಸುರಿಸುವ ಗ್ರಂಥಿಯೂ ಹೌದು. ಅದರಿಂದ ಬರುವ ಅಡಿಪೊನೆಕ್ಟಿನ್ ರಕ್ತನಾಳದ ಒಳಪದರದಲ್ಲಿ ಎಎಂಪಿಕೆ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದರಿಂದ ನೈಟ್ರಿಕ್ ಆಕ್ಸೈಡ್ ಹೆಚ್ಚು ತಯಾರಾಗಿ, ಪಕ್ಕದ ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ. ವಿಚಿತ್ರವೆಂದರೆ, ಕೊಬ್ಬು ಬೆಳೆದಷ್ಟೂ ಅದರದೇ ಇನ್ನೊಂದು ಹಾರ್ಮೋನು ಲೆಪ್ಟಿನ್ ಏರುತ್ತದೆ, ಅಡಿಪೊನೆಕ್ಟಿನ್ ಇಳಿಯುತ್ತದೆ. ಕೋಶಗಳು ಊದಿಕೊಂಡ ಜಾಗಕ್ಕೆ ಮ್ಯಾಕ್ರೊಫೇಜ್‌ ಎಂಬ ರೋಗನಿರೋಧಕ ಕೋಶಗಳು ಬಂದು ಸೇರುತ್ತವೆ. ಅವು ಬಿಡುವ, ಉರಿಯೂತ ತರುವ ಟಿಎನ್ಎಫ್-ಆಲ್ಫಾ ಎಂಬ ಪ್ರೋಟೀನ್ ಅಡಿಪೊನೆಕ್ಟಿನ್ ತಯಾರಿಯನ್ನೇ ಅದುಮುತ್ತದೆ.

ಉತ್ತರ 2:
ಲೆಪ್ಟಿನ್ ಕಥೆ ಇನ್ನೂ ತಮಾಷೆಯದು. ಬೊಜ್ಜು ಇದ್ದವರಲ್ಲಿ 'ಊಟ ಸಾಕು' ಎಂಬ ಅದರ ಮಾತನ್ನು ಮಿದುಳು ಕೇಳುವುದಿಲ್ಲ. ಆದರೆ ಎದೆಬಡಿತ, ಬಿಪಿ ಏರಿಸುವ ಸಿಂಪಥೆಟಿಕ್ ನರಗಳು ಕೇಳುತ್ತಲೇ ಇರುತ್ತವೆ, ಬಿಪಿ ಏರುತ್ತದೆ. ಜೊತೆಗೆ ಕೊಬ್ಬಿನಿಂದಲೂ ಬರುವ ಪಿಎಐ-1 ಎಂಬ ಪ್ರೋಟೀನ್ ಹೆಚ್ಚಾದರೆ ಒಮ್ಮೆ ಹೆಪ್ಪುಗಟ್ಟಿದ ರಕ್ತ ಬೇಗ ಕರಗುವುದಿಲ್ಲ.

ಇನ್ನು ಬಿಎಂಐ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಲೆಕ್ಕ ಮುಂದಿಟ್ಟರು: ಇಬ್ಬರದೂ ಬಿಎಂಐ 22.3; ಮೈಯ ಕೊಬ್ಬು ಮಾತ್ರ ಯಾಜ್ಞಿಕರದು ಶೇ. 21.2, ಯುಡ್ಕಿನ್‌ರದು ಶೇ. 9.1. ಹಾಗಾಗಿ ನಮ್ಮವರಿಗೆ ಸೊಂಟ ಅಳೆಯುವ ಟೇಪೇ ಮೇಲು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ಉತ್ತರ 3:
ಅಡಿಪೊನೆಕ್ಟಿನ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಹೆಂಗಸರಲ್ಲಿ ಸಹಜವಾಗಿಯೇ ಜಾಸ್ತಿ. ಕಿಡ್ನಿ ಕೆಟ್ಟವರಲ್ಲಿ, ಹೃದಯ ಸೋತವರಲ್ಲಿಯೂ ಏರಿರುತ್ತದೆ. ಹಾಗಾಗಿ ಹೆಚ್ಚಿದ್ದರೆ ಒಳ್ಳೆಯದು ಎನ್ನುವಂತಿಲ್ಲ. ಬಿಪಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ) ಸಾಕು.

ಪ್ರಶ್ನೆ ಕೇಳಿದವರು:
ಹಾಗಾದರೆ ಲೈಪೊಸಕ್ಷನ್ ಮಾಡಿಸಿ ಕೊಬ್ಬನ್ನೇ ತೆಗೆಸಿಬಿಟ್ಟರೆ?

ಉತ್ತರ 1:
ಅದನ್ನೂ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬೊಜ್ಜಿದ್ದ 15 ಮಹಿಳೆಯರಿಂದ ತಲಾ ಸುಮಾರು 10 ಕೆ.ಜಿ. ಕೊಬ್ಬು ಹೀರಿ ತೆಗೆದರು. ಎರಡೂವರೆ ಮೂರು ತಿಂಗಳ ಮೇಲೆ ನೋಡಿದರೆ ಬಿಪಿಯೂ ಅಷ್ಟೇ, ಅಡಿಪೊನೆಕ್ಟಿನ್ನೂ ಅಷ್ಟೇ. ಹೋದದ್ದು ಚರ್ಮದಡಿಯ ಕೊಬ್ಬು. ಕರುಳಿನ ಸುತ್ತಲಿನದು ಇದ್ದಲ್ಲೇ ಇತ್ತು, ಉಳಿದ ಕೋಶಗಳೂ ಊದಿದಂತೆಯೇ ಇದ್ದವು. ಊಟ ತಗ್ಗಿಸಿ, ನಡೆದು ತೂಕ ಇಳಿಸಿದರೆ ಆ ಕೋಶಗಳೇ ಕುಗ್ಗುತ್ತವೆ.